ಸ್ವಾರ್ಥವೇ ಇರಲಿ, ರಕ್ತ ಕೊಡಲು ಬನ್ನಿ



ರಕ್ತದಾನ ಶಿಬಿರ ಎಲ್ಲೇ ನಡೆಯಲಿ, ಪಕ್ಕದಲ್ಲಿ ಕೊಂಕುಮಾತು ಇದ್ದೇ ಇರುತ್ತದೆ. ‘ಫೋಟೊ ತೆಗೆಸಿಕೊಳ್ಳೋಕೆ ಬಂದಿದ್ದಾನೆ’, ‘ಸರ್ಟಿಫಿಕೇಟ್ ಸಿಗುತ್ತಲ್ಲ, ಅದಕ್ಕೆ’, ‘ಎಲೆಕ್ಷನ್ ಹತ್ತಿರ ಬಂತು, ಸಾಹೇಬ್ರಿಗೆ ಜನರ ನೆನಪಾಯ್ತು’. ಅಷ್ಟೇ ಅಲ್ಲ, ರಕ್ತ ಕೊಟ್ಟು ಬಂದವರಿಗೂ ಒಮ್ಮೊಮ್ಮೆ ಅನುಮಾನ ಕಾಡುತ್ತದೆ: ಕೊಟ್ಟದ್ದಕ್ಕೆ ನನಗೇ ಖುಷಿಯಾಯಿತು, ಹಾಗಾದರೆ ಇದೆಂಥ ದಾನ? ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಕೇಳಿಯೇ ಬೆಳೆದ ನಮಗೆ ಇಂಥ ಅಳುಕು ಸಹಜ. ಆದರೆ ಕೊಡುವವರ ಮನಸ್ಸನ್ನು ಕೆದಕುವ ಈ ಚರ್ಚೆಯನ್ನು ಸ್ವಲ್ಪ ಬದಿಗಿಡೋಣ. ಕೊಟ್ಟದ್ದು ಬೇಕಾದವರಿಗೆ, ಬೇಕಾದ ಹೊತ್ತಿಗೆ ಮುಟ್ಟಿತೇ ಎಂದು ಕೇಳೋಣ. ನನ್ನ ಮನವಿ ಇಷ್ಟೇ.

ಶಿಬಿರದಲ್ಲಿ ನಡೆಯುವುದನ್ನು ಗಮನಿಸಿ. ಬೆರಳ ತುದಿ ಚುಚ್ಚಿ, ಒಂದು ಹನಿ ರಕ್ತವನ್ನು ಮೈಲುತುತ್ತದ ನೀಲಿ ದ್ರಾವಣಕ್ಕೆ ಬಿಡುತ್ತಾರೆ. ಹನಿ ಸರ್ರನೆ ತಳಕ್ಕಿಳಿದರೆ ಹಿಮೋಗ್ಲೋಬಿನ್ ಸಾಕಷ್ಟಿದೆ ಎಂದರ್ಥ. ಆಮೇಲೆ ಮಂಚದ ಮೇಲೆ ಮಲಗಿ, ಮೆತ್ತನೆಯ ಚೆಂಡು ಹಿಸುಕುತ್ತಾ ಹತ್ತು ನಿಮಿಷ ಕಳೆದರೆ 350 ಇಲ್ಲವೇ 450 ಮಿಲಿಲೀಟರ್ ರಕ್ತ ಚೀಲಕ್ಕೆ ತುಂಬಿರುತ್ತದೆ. ಚೀಲದ ಮೇಲೆ ಕೊಟ್ಟವರ ಹೆಸರಿರುವುದಿಲ್ಲ. ಒಂದು ಸಂಖ್ಯೆ, ರಕ್ತದ ಗುಂಪು, ತಾರೀಖು ಇರುತ್ತವೆ. ಅದು ಹೆರಿಗೆಯಲ್ಲಿ ರಕ್ತಸ್ರಾವವಾದ ಬಾಣಂತಿಗೆ ಹೋಗಬಹುದು, ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲೇಬೇಕಾದ ಥಲಸ್ಸೀಮಿಯಾ ಮಗುವಿಗೂ ಹೋಗಬಹುದು. ಫೋಟೊಗೆಂದು ಬಂದವನ ರಕ್ತವೂ ಆ ಮಗುವಿನ ಮೈಯಲ್ಲಿ ಮಾಡುವ ಕೆಲಸ ಒಂದೇ.

ಹಾಗೆಂದು ಎಲ್ಲ ಸ್ವಾರ್ಥವನ್ನೂ ಒಪ್ಪಿಕೊಳ್ಳಲಾಗದು. ರಕ್ತ ಮಾರುವುದನ್ನೇ ಕಸುಬು ಮಾಡಿಕೊಂಡವರು ನಮ್ಮ ದೇಶದಲ್ಲಿದ್ದರು. ದುಡ್ಡಿನ ತುರ್ತಿದ್ದವನು ತನ್ನ ಕಾಯಿಲೆಯನ್ನು ಮುಚ್ಚಿಡುತ್ತಾನೆ. ಅದರ ಫಲ ಉಣ್ಣಬೇಕಾದವನು ರೋಗಿ. ಬ್ರಿಟನ್ನಿನ ಸಮಾಜ ಸಂಶೋಧಕ ರಿಚರ್ಡ್ ಟಿಟ್ಮಸ್ 1970ರಷ್ಟು ಹಿಂದೆಯೇ ಇದನ್ನು ವಾದಿಸಿ ಪುಸ್ತಕ ಬರೆದರು. ನಮ್ಮಲ್ಲಿ ಸುಪ್ರೀಂ ಕೋರ್ಟಿನ 1996ರ ತೀರ್ಪಿನಿಂದಾಗಿ 1998ರ ಜನವರಿಯಿಂದ ರಕ್ತ ಮಾರಾಟ ನಿಷಿದ್ಧವಾಯಿತು. ಪಡೆಯುವವರಿಗೆ ಕೇಡು ತರುವ ಸ್ವಾರ್ಥವನ್ನು ತಡೆಯಲೇಬೇಕು. ಕೊಟ್ಟವರ ಮುಖದಲ್ಲಿ ಮೂಡುವ ಸಂತೋಷದಿಂದ ಯಾರಿಗೆ ಕೇಡು? ಆ ಸಂತೋಷವೇ ಅವರನ್ನು ಮತ್ತೆ ಕರೆತರುತ್ತದೆ.

ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಹದಿನಾಲ್ಕನೇ ವಯಸ್ಸಿನಲ್ಲಿ ಎದೆಯ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಯಾರು ಯಾರದೋ ರಕ್ತದಿಂದ ಬದುಕಿಕೊಂಡವರು. ಆ ಋಣ ತೀರಿಸಲೆಂದು 1954ರಲ್ಲಿ ಕೊಡಲು ಶುರುಮಾಡಿ 2018ರವರೆಗೆ 1,173 ಸಲ ರಕ್ತವನ್ನು, ಹೆಚ್ಚಾಗಿ ಅದರ ಪ್ಲಾಸ್ಮಾವನ್ನು, ಕೊಟ್ಟರು. ಸೂಜಿ ಎಂದರೆ ಅವರಿಗೆ ಭಯ. ಮುಖ ಅತ್ತ ತಿರುಗಿಸಿಕೊಂಡೇ ಕೊಡುತ್ತಿದ್ದರು. ಅವರ ಪ್ಲಾಸ್ಮಾದಲ್ಲಿದ್ದ ಆ್ಯಂಟಿ-ಡಿ ಎಂಬ ಪ್ರತಿಕಾಯ, ತಾಯಿಯದು ನೆಗೆಟಿವ್, ಮಗುವಿನದು ಪಾಸಿಟಿವ್ ಗುಂಪಾದಾಗ ಮಗುವಿಗೆ ಎದುರಾಗುವ ಅಪಾಯ ತಪ್ಪಿಸುವ ಔಷಧವಾಯಿತು. ಋಣ ತೀರಿಸುವುದು ತನ್ನ ಮನಸ್ಸಿನ ನೆಮ್ಮದಿಗೆ ತಾನೇ? ಸ್ವಾರ್ಥ ಎನ್ನುವುದಾದರೆ ಎನ್ನಿ. ಅಂಥ ಸ್ವಾರ್ಥಿಗಳು ಊರಿಗೆ ಹತ್ತು ಮಂದಿ ಇದ್ದರೂ ನಮಗೆ ಕೊರತೆಯಿರದು.

ನಿಜಕ್ಕೂ ಪೆಟ್ಟು ಕೊಡುತ್ತಿರುವುದು ಕೊಡುವವರ ಉದ್ದೇಶವಲ್ಲ, ನಾವು ರಕ್ತ ಕೊಡುವ ತಾರೀಖು. ನಾಯಕರ, ನಟರ ಹುಟ್ಟುಹಬ್ಬಕ್ಕೆ ಒಂದೇ ದಿನ ರಾಶಿ ರಾಶಿ ಚೀಲ ತುಂಬುತ್ತವೆ. ಆದರೆ ಕೆಂಪು ರಕ್ತಕಣಗಳನ್ನು 35ರಿಂದ 42 ದಿನ, ಪ್ಲೇಟ್‌ಲೆಟ್‌ಗಳನ್ನು ಐದೇ ದಿನ ಇಡಬಹುದು. ಏಪ್ರಿಲ್, ಮೇ ಬಂತೆಂದರೆ ಕಾಲೇಜುಗಳಿಗೆ ರಜೆ, ಶಿಬಿರಗಳಿಲ್ಲ, ರಕ್ತನಿಧಿಯ ಫ್ರಿಜ್ ಖಾಲಿ. ಆಗ ಹಳ್ಳಿಯಿಂದ ರೋಗಿಯನ್ನು ಕರೆತಂದವರಿಗೆ ‘ಬದಲಿಗೆ ರಕ್ತ ಕೊಡೋರನ್ನ ಕರ್ಕೊಂಡು ಬನ್ನಿ’ ಎಂಬ ಉತ್ತರ ಸಿಗುತ್ತದೆ. ಗುರುತು ಪರಿಚಯವಿಲ್ಲದ ಊರಲ್ಲಿ ಅವರು ಯಾರನ್ನು ಕರೆತರಬೇಕು?

ಆದ್ದರಿಂದ ನಿಮ್ಮಲ್ಲಿ ಬೇಡಿಕೊಳ್ಳುತ್ತೇನೆ.

ಹದಿನೆಂಟು ದಾಟಿ, 45 ಕಿಲೋಗಿಂತ ಹೆಚ್ಚು ತೂಕವಿದ್ದು ಆರೋಗ್ಯವಾಗಿರುವವರು ಮೊದಲ ಸಲವನ್ನು ಹೇಗಾದರೂ ದಾಟಿ. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಅದರಲ್ಲಿ ಒಂದು ಸಲವನ್ನು ಬೇಸಿಗೆಗೆಂದೇ ಮೀಸಲಿಡಿ. ಶಿಬಿರದಲ್ಲಿ ಕೇಳುವ ಪ್ರಶ್ನೆಗಳಿಗೆ ಸಂಕೋಚಪಡದೆ ನಿಜ ಹೇಳಿ. ಕೊಡಬೇಡಿ ಎಂದರೆ ಅವಮಾನವೆಂದುಕೊಳ್ಳಬೇಡಿ.

ಅಭಿಮಾನಿ ಸಂಘಗಳ, ಪಕ್ಷಗಳ, ಮಠಗಳ ಗೆಳೆಯರೇ, ನಿಮ್ಮ ಉತ್ಸಾಹ ಬೇಕು, ಬ್ಯಾನರೂ ಇರಲಿ. ಶಿಬಿರಕ್ಕೆ ಮುಂಚೆ ರಕ್ತನಿಧಿಯವರನ್ನು ‘ನಿಮಗೆ ಎಷ್ಟು ಬೇಕು, ಯಾವಾಗ ಬೇಕು’ ಎಂದು ಕೇಳಿ. ಒಂದೇ ದಿನ ಇನ್ನೂರು ಜನರನ್ನು ಸೇರಿಸುವ ಬದಲು, ಐವತ್ತು ಜನರಂತೆ ವರ್ಷದಲ್ಲಿ ನಾಲ್ಕು ಸಲ ಕಳಿಸಿ.

ಪಕ್ಕದಲ್ಲಿ ನಿಂತು ಕೊಂಕು ನುಡಿಯುವವರಿಗೂ ಒಂದು ಮಾತು. ಫೋಟೊಗೆ ಬಂದ ಹುಡುಗನನ್ನು ಆಡಿಕೊಂಡರೆ ಅವನು ಇನ್ನೊಮ್ಮೆ ಬರುವುದಿಲ್ಲ. ಅವನ ಬೆನ್ನು ತಟ್ಟಿ, ಪಕ್ಕದ ಮಂಚದಲ್ಲಿ ನೀವೂ ಮಲಗಿ. ಯಾಕೆ ಕೊಟ್ಟಿರಿ ಎಂದು ಯಾರಾದರೂ ಕೇಳಿದರೆ, ನನ್ನ ಖುಷಿಗೆ ಎಂದು ಧಾರಾಳವಾಗಿ ಹೇಳಿ.