ಎಸ್ಸೆಮ್ಮೆಸ್ ಯಾರ ಭಾಷೆ ಆಡುತ್ತಿದೆ?

ಎಸ್ಸೆಮ್ಮೆಸ್ ಸತ್ತಿತು, ವಾಟ್ಸಾಪ್ ಅದನ್ನು ನುಂಗಿತು ಎಂದು ಮರುಗುವವರಿದ್ದಾರೆ. 1992ರ ಡಿಸೆಂಬರ್ 3ರಂದು ಬ್ರಿಟನ್ನಿನಲ್ಲಿ ಕ್ರಿಸ್‌ಮಸ್ ಶುಭಾಶಯವಾಗಿ ಹುಟ್ಟಿದ ಈ ಸಂದೇಶ ಕನ್ನಡಕ್ಕೆ ಎಂದೂ ನ್ಯಾಯ ಮಾಡಿರಲಿಲ್ಲ. ಇಂಗ್ಲಿಷಿಗೆ 160 ಅಕ್ಷರಗಳ ಜಾಗ ಕೊಟ್ಟ ಅದು ನಮ್ಮ ಲಿಪಿಗೆ ಕೊಟ್ಟದ್ದು 70. ಅದರಲ್ಲೂ ಒಂದು ‘ಕ್ಷ’ ಬರೆದರೆ ಮೂರು ಸ್ಥಾನ ಖರ್ಚು. ಹಾಗಾಗಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿದೆವು. ಸಾಲದೆಂಬಂತೆ, ಹಬ್ಬದ ದಿನ ಕಂಪೆನಿಗಳು ಅಗ್ಗದ ದರ ರದ್ದುಮಾಡಿ ಶುಭಾಶಯಕ್ಕೂ ಸುಂಕ ವಸೂಲಿ ಮಾಡಿದವು. ಹೀಗಿರುವಾಗ, 2009ರಲ್ಲಿ ಹುಟ್ಟಿದ ವಾಟ್ಸಾಪಿನತ್ತ ಜನ ಹೊರಳಿದ್ದರಲ್ಲಿ ಅಚ್ಚರಿಯೇನು? ಓದುಬರಹ ಬಾರದವರೂ ಅಲ್ಲಿ ತಮ್ಮ ದನಿಯನ್ನೇ ಕಳಿಸುತ್ತಾರೆ.

ಆದರೆ ಎಸ್ಸೆಮ್ಮೆಸ್ ಸತ್ತಿಲ್ಲ. ಪ್ರೀತಿಯ ಮಾತು ಅದನ್ನು ಬಿಟ್ಟುಹೋಗಿದೆ, ಬ್ಯಾಂಕಿನ ಮಾತು ಉಳಿದಿದೆ. ಇಂಟರ್‌ನೆಟ್ ಇಲ್ಲದ ಬಟನ್ ಫೋನಿಗೂ ಅದು ತಲುಪುತ್ತದೆ. ತಲುಪಿ ಮಾಡುವುದೇನು? ಓಟಿಪಿಯ ಜೊತೆ ಬರುವ ‘ಯಾರಿಗೂ ಹೇಳಬೇಡಿ’ ಎಂಬ ಎಚ್ಚರಿಕೆ ಬಹುಪಾಲು ಇಂಗ್ಲಿಷಿನಲ್ಲೇ ಇರುತ್ತದೆ. ನಾಲ್ಕನೇ ತರಗತಿವರೆಗೆ ಕನ್ನಡ ಓದಿ, ಬೀಡಿ ಕಟ್ಟಿ ನಾಲ್ಕು ಕಾಸು ಉಳಿಸಿದ ಹೆಂಗಸು ಅದನ್ನು ಪಕ್ಕದ ಮನೆಯ ಹುಡುಗನಿಂದ ಓದಿಸಬೇಕು. ಯಾರಿಗೂ ತೋರಿಸಬಾರದೆಂದು ತಿಳಿಯಲು ಯಾರಿಗಾದರೂ ತೋರಿಸಲೇಬೇಕು!

ಕನ್ನಡದಲ್ಲಿ ಕಳಿಸಿದರೆ ಒಂದು ಸಂದೇಶ ಎರಡು ಮೂರಾಗಿ ಒಡೆದು ಖರ್ಚು ಹೆಚ್ಚುತ್ತದೆ ಎಂಬ ನೆಪ ಬೇಡ. ಆ ಚಿಲ್ಲರೆ ಖರ್ಚನ್ನು ಬ್ಯಾಂಕು ಹೊರಲಿ; ಮೋಸವಾದರೆ ಆಕೆ ಕಳೆದುಕೊಳ್ಳುವುದು ಇಡೀ ಗಂಟು. ಎಸ್ಸೆಮ್ಮೆಸ್ ಉಳಿಯುತ್ತದೆಯೇ ಎಂಬ ಚರ್ಚೆ ಸಾಕು. ಉಳಿದಿರುವ ಅದು ಕನ್ನಡ ಕಲಿಯುವುದು ಯಾವಾಗ ಎಂದು ಕೇಳೋಣ.