ವಾಹನದ ಫಲಕವೂ ವಾಕ್‌ಸ್ವಾತಂತ್ರ್ಯವೂ

ದೇವನಹಳ್ಳಿಯ ಕಚೇರಿಯಲ್ಲಿ ನೋಂದಣಿಯಾದ ವಾಹನಕ್ಕೆ ಕೆಎ ೪೩ ಎಂತಲೂ, ನೆಲಮಂಗಲದ್ದಕ್ಕೆ ಕೆಎ ೫೨ ಎಂತಲೂ ಗುರುತು ದೊರೆಯುವುದು. ಈ ಗುರುತನ್ನು ಕನ್ನಡದ ಅಕ್ಷರ ಮತ್ತು ಅಂಕಿಗಳಲ್ಲಿ ಮಾತ್ರ ಬರೆಯಿಸಿಕೊಂಡು ದೊಡ್ಡಬಳ್ಳಾಪುರದ ಪೇಟೆಯಲ್ಲಿ ಸಂಚರಿಸುವವನು ದಂಡಕ್ಕೆ ಗುರಿಯಾಗುವನು. ಅದೇ ಪೇಟೆಯ ವರ್ತಕನು ತನ್ನ ಅಂಗಡಿಯ ಹಲಗೆಯಲ್ಲಿ ನೂರಕ್ಕೆ ೬೦ ಪಾಲು ಕನ್ನಡವನ್ನು ತೋರಿಸದಿದ್ದರೆ, ೨೦೨೪ರ ತಿದ್ದುಪಡಿಯ ಮೇರೆಗೆ ಅವನೂ ತಪ್ಪಿತಸ್ಥನೇ. ಅಂಗಡಿಯ ಮೇಲೆ ಕನ್ನಡವನ್ನು ಬರೆಯದಿದ್ದರೆ ದೋಷ, ಗಾಡಿಯ ಮೇಲೆ ಬರೆದರೆ ದೋಷ! ಮೊದಲಿನದು ರಾಜ್ಯದ ಶಾಸನ. ಎರಡನೆಯದು ಕೇಂದ್ರ ಸರ್ಕಾರದವರು ೧೯೮೯ರಲ್ಲಿ ಮಾಡಿದ ಮೋಟಾರು ವಾಹನಗಳ ನಿಯಮಾವಳಿಯ ೫೦ನೆಯ ನಿಯಮ. ಅಕ್ಷರಗಳು ಇಂಗ್ಲಿಷಿನಲ್ಲಿಯೂ ಅಂಕಿಗಳು ಅರಬ್ಬೀ ರೂಪದಲ್ಲಿಯೂ ಇರತಕ್ಕದ್ದೆಂದು ಅದರ ವಿಧಿ. ಆ ಅಂಕಿಗಳ ತವರೂ ಭರತಖಂಡವೇ ಎಂಬುದು ಬೇರೆ ಮಾತು.

ಇದು ಸಂವಿಧಾನದ ೧೯ನೆಯ ವಿಧಿಯು ಕೊಟ್ಟಿರುವ ವಾಕ್‌ಸ್ವಾತಂತ್ರ್ಯಕ್ಕೆ ಭಂಗವೆಂದು ಕೆಲವರು ವಾದಿಸುವರು. ಅಮೆರಿಕದಲ್ಲಿ ಹಣ ತೆತ್ತವನು ತನಗೆ ಬೇಕಾದ ಅಕ್ಷರಗಳನ್ನೇ ಫಲಕಕ್ಕೆ ಪಡೆಯಬಹುದು. ಆದುದರಿಂದ ಅಲ್ಲಿ ಈ ವ್ಯಾಜ್ಯವು ಹಳೆಯದು. ಫಲಕದಲ್ಲಿ ಅಚ್ಚಾದ ರಾಜ್ಯದ ಘೋಷವಾಕ್ಯವನ್ನು ಒಪ್ಪದೆ ಮುಚ್ಚಿದವನನ್ನು ದಂಡಿಸಕೂಡದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ೧೯೭೭ರಲ್ಲಿ ಹೇಳಿತು. ೨೦೧೫ರಲ್ಲಿ ಟೆಕ್ಸಾಸ್ ಪ್ರಾಂತದ ಮೊಕದ್ದಮೆಯಲ್ಲಿ, ಫಲಕದ ಚಿತ್ರವಿನ್ಯಾಸವು ಸರ್ಕಾರದ ನುಡಿಯೇ ಹೊರತು ಸವಾರನದಲ್ಲವೆಂದು ಐವರು ನ್ಯಾಯಾಧೀಶರು ನಾಲ್ವರ ಭಿನ್ನಮತದ ಮೇಲೆ ತೀರ್ಮಾನಿಸಿದರು.

ಈ ಎರಡನೆಯ ತೀರ್ಪೇ ನಮಗೆ ಸಮಂಜಸವಾಗಿ ತೋರುವುದು. ಫಲಕವು ಸರ್ಕಾರದ ಮೊಹರಿನಂತೆ. ಢಿಕ್ಕಿ ಹೊಡೆದು ಓಡಿದ ಗಾಡಿಯನ್ನು ಪರಸ್ಥಳದ ಸಾಕ್ಷಿಯೂ ಗುರುತಿಸಬೇಕಷ್ಟೆ. ಆಟೋರಿಕ್ಷಾದ ಬೆನ್ನಿನ ಮೇಲಣ ಬರಹ ಸವಾರನ ಮಾತು. ಅಲ್ಲಿ ಅವನ ಸ್ವಾತಂತ್ರ್ಯಕ್ಕೆ ಅಡ್ಡಿ ಬರಕೂಡದು. ಆದರೆ ಫಲಕವು ಸರ್ಕಾರದ ನುಡಿಯೇ ಆದ ಪಕ್ಷದಲ್ಲಿ, ಈ ರಾಜ್ಯದ ಸರ್ಕಾರದ ನುಡಿ ಯಾವುದು? ೧೯೬೩ರ ಆಡಳಿತ ಭಾಷಾ ಶಾಸನವು ಕನ್ನಡವೆಂದು ಸಾರಿರುವುದು. ಸರ್ಕಾರವು ತನ್ನ ಫಲಕದಲ್ಲಿ ತನ್ನ ಭಾಷೆಯನ್ನೇ ಆಡಲಾರದಿರುವುದು ನಿಜವಾದ ಕುಂದು. ಇದನ್ನು ವ್ಯಕ್ತಿಯ ಹಕ್ಕಿನ ಜಗಳವನ್ನಾಗಿ ಮಾಡಿದುದರಿಂದ ಮೂಲ ಪ್ರಶ್ನೆಯೇ ಮರೆಯಾಗಿದೆ.

೨೦೧೯ರ ಏಪ್ರಿಲ್ ೧ರಿಂದ ಹೊಸ ವಾಹನಗಳಿಗೂ, ೨೦೨೩ರ ಆಗಸ್ಟ್ ತಿಂಗಳ ಆಜ್ಞೆಯಿಂದ ಹಳೆಯವಕ್ಕೂ ಅತಿ ಸುರಕ್ಷಿತ ಫಲಕವು ಕಡ್ಡಾಯವಾಯಿತು. ಅದರಲ್ಲಿ ಅಶೋಕಚಕ್ರದ ಮುದ್ರೆಗೆ ಸ್ಥಳ ದೊರೆಯಿತು, ರಾಷ್ಟ್ರದ ಹೆಸರಿನ ಮೂರು ಇಂಗ್ಲಿಷ್ ಅಕ್ಷರಗಳಿಗೂ ದೊರೆಯಿತು. ಕನ್ನಡದ ಒಂದು ಸಾಲಿಗೆ ಮಾತ್ರ ದೊರೆಯಲಿಲ್ಲ. ಹಣವಂತನಾದರೋ ತನ್ನ ಮೆಚ್ಚಿನ ಸಂಖ್ಯೆಯನ್ನು ಹರಾಜಿನಲ್ಲಿ ಕೊಳ್ಳಬಹುದು. ಸಾಧಾರಣನು ತನ್ನ ಲಿಪಿಯನ್ನು ಕೇಳಿದರೆ ಶಿಸ್ತಿನ ಪಾಠ!

ಇಂಗ್ಲಿಷ್ ಫಲಕವನ್ನು ಕೀಳಬೇಕೆಂದು ನಾವು ಹೇಳೆವು. ಅದರ ಕೆಳಗೆ ಅದೇ ಗುರುತನ್ನು ಕನ್ನಡದಲ್ಲಿಯೂ ತೋರಿಸಲು ನಿಯಮದಲ್ಲಿ ಸ್ಪಷ್ಟವಾದ ಅವಕಾಶವಿರಲಿ. ತಿದ್ದುವ ಅಧಿಕಾರವು ದಿಲ್ಲಿಯದು. ಕೇಳುವ ಭಾರ ಬೆಂಗಳೂರಿನದು. ಅಂಗಡಿಯ ಹಲಗೆಯನ್ನು ಅಳೆಯಿಸುವ ನಮ್ಮ ಸರ್ಕಾರದವರು ಆ ಪತ್ರವನ್ನೂ ಬರೆಯಲಿ.