ಅಪ್ಪನ ಗುಳಿಗಿ ಚೀಲ

ಹುಬ್ಬಳ್ಳಿಯಿಂದ ಪುಣೆಗೆ ಬಂದಿದ್ದ ಅಪ್ಪನಿಗೆ ನ್ಯುಮೋನಿಯಾ ಆಗಿ, ಒಂದು ಶನಿವಾರ ಇಲ್ಲಿನ ಆಸ್ಪತ್ರೆಗೆ ಸೇರಿಸಿದೆವು. ಮನೆಯಲ್ಲಿ ಯಾವ ಔಷಧಿ ತಗೋತಾರೆ ಎಂದು ಡ್ಯೂಟಿ ಡಾಕ್ಟರು ಹಿಂದಿಯಲ್ಲಿ ಕೇಳಿದರು. "ಬಿ.ಪಿ.ದು, ದಿನಾ ಮುಂಜಾನೆ ಒಂದ್ ಬಿಳಿ ಗುಳಿಗಿ" ಅಂದರು ಅಪ್ಪ. ನಾನು ಅಷ್ಟನ್ನೇ ಅನುವಾದಿಸಿದೆ. ಡಾಕ್ಟರು ಬಿ.ಪಿ. ನೋಡಿ ಆಮ್ಲೊಡಿಪಿನ್ ಬರೆದರು.

ಸೋಮವಾರ ಬೆಳಿಗ್ಗೆ ಬಾತ್‌ರೂಮಿಗೆಂದು ಎದ್ದ ಅಪ್ಪ ತಲೆ ಸುತ್ತಿ ಕುಸಿದರು. ಬಿ.ಪಿ. 90ಕ್ಕೆ ಇಳಿದಿತ್ತು. ಜ್ವರದ ನಿಶ್ಶಕ್ತಿ ಅಂದುಕೊಂಡೆವು.

ಮಧ್ಯಾಹ್ನ ಆಸ್ಪತ್ರೆಯ ಕ್ಲಿನಿಕಲ್ ಫಾರ್ಮಸಿಸ್ಟ್ ಬಂದರು. ಇಪ್ಪತ್ತೈದು ದಾಟದ ಹುಡುಗಿ. ಮನೆಯ ಔಷಧಿ ತೋರಿಸಿ ಎಂದರು. ಅಮ್ಮ ಚೀಲ ತೆಗೆದರೆ, ಅಂಗಡಿಯವರು ಕತ್ತರಿಸಿ ಕೊಟ್ಟ ಅರ್ಧ ಸ್ಟ್ರಿಪ್. ಹೆಸರಿದ್ದ ಭಾಗವೇ ಇಲ್ಲ! ನನ್ನಿಂದ ಹುಬ್ಬಳ್ಳಿಯ ಅಂಗಡಿಗೆ ಫೋನ್ ಮಾಡಿಸಿದರು. ಅದು ಟೆಲ್ಮಿಸಾರ್ಟನ್ ಜೊತೆ ಆಮ್ಲೊಡಿಪಿನ್ ಸೇರಿದ ಗುಳಿಗೆ. ಆಮೇಲೆ ಯಾರಿಗೂ ಹೊಳೆಯದ ಪ್ರಶ್ನೆ ಕೇಳಿದರು: ಇಲ್ಲಿ ಬಂದ ಮೇಲೂ ಇದನ್ನು ಕೊಟ್ಟಿದ್ದೀರಾ?

"ಮನಿ ಗುಳಿಗಿ ತಪ್ಪಬಾರದಂತ ನಾನೇ ಕೊಟ್ಟೇನಿ" ಅಂದರು ಅಮ್ಮ.

ನರ್ಸ್ ಕೈಯಿಂದ ಒಂದು, ಅಮ್ಮನ ಕೈಯಿಂದ ಇನ್ನೊಂದು. ಅದೇ ಔಷಧಿ ದಿನಕ್ಕೆ ಎರಡು ಸಲ ಹೋಗುತ್ತಿತ್ತು. ಫಾರ್ಮಸಿಸ್ಟ್ ಹೇಳಿದ ಮೇಲೆ ಡಾಕ್ಟರು ಎರಡನ್ನೂ ನಿಲ್ಲಿಸಿದರು, ಬಿ.ಪಿ. ನಿಧಾನವಾಗಿ ಏರಿತು.

ಬ್ಯಾಂಕಿನ ಡೇಟಾವನ್ನು ಹೊಸ ಸಿಸ್ಟಮ್‌ಗೆ ಸಾಗಿಸುವಾಗ ನಾವು ಎರಡೂ ಕಡೆಯ ಲೆಕ್ಕ ತಾಳೆ ನೋಡುತ್ತೇವೆ. ಪೈಸೆ ವ್ಯತ್ಯಾಸ ಬಂದರೂ ರಾತ್ರಿಯೆಲ್ಲ ಕೂತು ಹುಡುಕುತ್ತೇವೆ. ಆಸ್ಪತ್ರೆಯಲ್ಲೂ ಇದಕ್ಕೆ ರಿಕನ್ಸಿಲಿಯೇಷನ್ ಅಂತಲೇ ಹೆಸರಂತೆ. ರೋಗಿ ಸೇರುವಾಗ, ವಾರ್ಡ್ ಬದಲಿಸುವಾಗ, ಮನೆಗೆ ಹೊರಡುವಾಗ ಹಳೆಯ ಪಟ್ಟಿಯನ್ನೂ ಹೊಸ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡುವುದು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧಿಯ ಹಾನಿ ತಗ್ಗಿಸುವ ಅಭಿಯಾನ ಶುರುಮಾಡಿದಾಗ ಆದ್ಯತೆ ಕೊಟ್ಟ ಮೂರು ಸಂಗತಿಗಳಲ್ಲಿ ಈ 'ಕೈ ಬದಲಾಗುವ' ಹೊತ್ತೂ ಒಂದು. ನಮ್ಮಲ್ಲಿ 2008ರಿಂದ ಆರು ವರ್ಷದ ಫಾರ್ಮ್ ಡಿ ಕೋರ್ಸ್ ಇದೆ. ಅದನ್ನು ಓದಿದವರನ್ನು ಬಿಲ್ಲಿಂಗ್ ಕೌಂಟರಿನಲ್ಲಿ ಕೂರಿಸಿದ್ದನ್ನೂ ನೋಡಿದ್ದೇನೆ. ಈ ಆಸ್ಪತ್ರೆಯಲ್ಲಿ ವಾರ್ಡಿಗೆ ಕಳಿಸುತ್ತಾರೆ, ಆದರೆ ಶನಿವಾರ-ಭಾನುವಾರ ರಜೆ. ಅಪ್ಪನ ಬಿ.ಪಿ.ಗೆ ಅದು ಗೊತ್ತಿರಲಿಲ್ಲ.

ಡಿಸ್ಚಾರ್ಜ್ ದಿನ ಆ ಹುಡುಗಿ ಮತ್ತೆ ಬಂದು, ಮೊಣಕಾಲು ನೋವಿಗೆ ಏನಾದರೂ ತಗೋತಾರಾ ಎಂದು ಕೇಳಿದರು. ಅಪ್ಪ ನನ್ನ ಮುಖ ನೋಡಿ, ಮೆಲ್ಲಗೆ ಅಂಗಿ ಕಿಸೆಯಿಂದ ಇನ್ನೊಂದು ಕತ್ತರಿಸಿದ ಸ್ಟ್ರಿಪ್ ತೆಗೆದರು.